ವಿದ್ಯುತ್ ಬಿಲ್ಲಿನಲ್ಲಿ ಅಡಗಿರುವ ಪಾಠ: ಡಿಪ್ಲೊಮಾ ಶಿಕ್ಷಣದ ಮೊದಲ ವರ್ಷ ಮತ್ತು ನಮ್ಮ ಉದ್ದಿಮೆಗಳು

ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ತಾಲೂಕುಗಳ ಬೇಳೆ ಗಿರಣಿ, ಹತ್ತಿ ಜಿನ್ನಿಂಗ್ ಘಟಕಗಳ ಮಾಲೀಕರಿಗೆ ಕಚ್ಚಾ ಮಾಲಿನ ದರವು ಬೆರಳ ತುದಿಯಲ್ಲಿರುತ್ತದೆ. ಆದರೆ ಪ್ರತಿ ತಿಂಗಳು ಬರುವ ಹೆಸ್ಕಾಂ ಬಿಲ್ಲನ್ನು ಕೊನೆಯ ಸಾಲಿನ ಮೊತ್ತದ ಹೊರತು ಓದುವವರು ವಿರಳ. ಈ ದೋಷದಿಂದ ಲೇಖಕನೂ ಹೊರತಲ್ಲ. ಕಕ್ಷಿದಾರರೊಬ್ಬರ ಗಿರಣಿಯ ಲೆಕ್ಕಪತ್ರಗಳಲ್ಲಿ ‘ಪವರ್ ಫ್ಯಾಕ್ಟರ್ ಸರ್‌ಚಾರ್ಜ್’ ಎಂಬ ಬಾಬನ್ನು ಹಲವು ವರ್ಷ ‘ವಿದ್ಯುತ್ ವೆಚ್ಚ’ದಲ್ಲಿ ಸೇರಿಸಿ ಸಹಿ ಮಾಡಿದ್ದೇನೆ. ಅದು ತಪ್ಪಿಸಬಹುದಾದ ವೆಚ್ಚವೆಂದು ತಿಳಿಸಿದವನು ತರಬೇತಿಗೆ ಬಂದ ಡಿಪ್ಲೊಮಾ ವಿದ್ಯಾರ್ಥಿ. ಅವನು ಹೇಳಿದ್ದು ಮೊದಲ ವರ್ಷದ ಪಾಠವನ್ನೇ.

ಏನನ್ನು ಕಲಿಸಲಾಗುತ್ತದೆ?

ಎಸ್.ಎಸ್.ಎಲ್.ಸಿ. ನಂತರದ ಡಿಪ್ಲೊಮಾ ಮೂರು ವರ್ಷಗಳ, ಆರು ಸೆಮಿಸ್ಟರ್‌ಗಳ ಶಿಕ್ಷಣ. ಎಲೆಕ್ಟ್ರಿಕಲ್ ಮತ್ತು ಕಂಪ್ಯೂಟರ್ ವಿಭಾಗಗಳ ಆರಂಭದ ಪಾಠಗಳು ಓಮ್‌ನ ನಿಯಮ, ಏಕಫೇಸ್ ಹಾಗೂ ಮೂರುಫೇಸ್ ವಿದ್ಯುತ್ತು, ಅರ್ಥಿಂಗ್, ಸುರಕ್ಷತೆ, ಗಣಕಯಂತ್ರದ ಮೂಲತತ್ವಗಳು ಇತ್ಯಾದಿ. ಡಿಪ್ಲೊಮಾ ಮುಗಿಸಿದವರು ಬಿ.ಇ. ಪದವಿಯ ಎರಡನೆಯ ವರ್ಷಕ್ಕೆ ನೇರ ಪ್ರವೇಶ ಪಡೆಯಬಹುದು. ವಿಜಯಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಇಂಜಿನಿಯರಿಂಗ್ ಕಾಲೇಜು 1980ರಲ್ಲಿಯೇ ಆರಂಭವಾಗಿದೆ.

ಪವರ್ ಫ್ಯಾಕ್ಟರ್ ಎಂದರೇನು?

ಮೋಟಾರು ಸೆಳೆಯುವ ಕರೆಂಟಿನ ಒಂದು ಭಾಗ ಕೆಲಸ ಮಾಡುತ್ತದೆ. ಇನ್ನೊಂದು ಭಾಗ ಕಾಂತಕ್ಷೇತ್ರವನ್ನು ನಿರ್ಮಿಸಲು ಮಾತ್ರ ತಂತಿಯಲ್ಲಿ ಹೋಗಿ ಬರುತ್ತದೆ. ಉಪಯುಕ್ತ ಶಕ್ತಿಗೂ ತೋರಿಕೆಯ ಒಟ್ಟು ಶಕ್ತಿಗೂ ಇರುವ ಅನುಪಾತವೇ ಪವರ್ ಫ್ಯಾಕ್ಟರ್. ಅದು ನಿಗದಿತ ಮಟ್ಟಕ್ಕಿಂತ ಕುಸಿದರೆ ದರಪಟ್ಟಿಯ ಪ್ರಕಾರ ಸರ್‌ಚಾರ್ಜ್ ಬೀಳುತ್ತದೆ.

ಒಂದು ಉದಾಹರಣೆ ನೋಡೋಣ. 415 ವೋಲ್ಟಿನ ಮೂರುಫೇಸ್ ಜೋಡಣೆಯಲ್ಲಿ 7.46 ಕಿಲೋವ್ಯಾಟ್, ಅಂದರೆ 10 ಅಶ್ವಶಕ್ತಿಯಷ್ಟು, ಸೆಳೆಯುವ ಮೋಟಾರಿದೆ ಎಂದುಕೊಳ್ಳಿ.

ಪವರ್ ಫ್ಯಾಕ್ಟರ್ 0.70 ಇದ್ದಾಗ ಕರೆಂಟು: ಸುಮಾರು 14.8 ಆಂಪಿಯರ್
ಪವರ್ ಫ್ಯಾಕ್ಟರ್ 0.95 ಇದ್ದಾಗ ಕರೆಂಟು: ಸುಮಾರು 10.9 ಆಂಪಿಯರ್

ಕೆಲಸ ಅಷ್ಟೇ, ಕರೆಂಟು ಕಡಿಮೆ. ತಂತಿಯಲ್ಲಿ ಶಾಖವಾಗಿ ಹೋಗುವ ನಷ್ಟವು ಕರೆಂಟಿನ ವರ್ಗಕ್ಕೆ ಅನುಗುಣವಾದುದರಿಂದ ಆ ನಷ್ಟ ಸುಮಾರು ಶೇ. 46ರಷ್ಟು ಇಳಿಯುತ್ತದೆ. ಈ ಸುಧಾರಣೆಗೆ ಬೇಕಾದುದು ಸುಮಾರು 5 ಕೆ.ವಿ.ಎ.ಆರ್. ಸಾಮರ್ಥ್ಯದ ಕೆಪಾಸಿಟರ್ ಮಾತ್ರ. ಆದರೆ ಅಗತ್ಯಕ್ಕಿಂತ ಹೆಚ್ಚಿನ ಕೆಪಾಸಿಟರ್ ಹಾಕುವುದೂ ದೋಷವೇ. ಪರವಾನಗಿ ಪಡೆದ ಗುತ್ತಿಗೆದಾರರಿಂದಲೇ ಅಳತೆ ಮಾಡಿಸಿ ಅಳವಡಿಸಬೇಕು.

ಗಣಕ ಪಾಠದ ಉಪಯೋಗ

ಕಂಪ್ಯೂಟರ್ ವಿಭಾಗದ ಮೊದಲ ಪಾಠಗಳಲ್ಲಿ ‘ಆಂಡ್ ಗೇಟ್’ ಬರುತ್ತದೆ: ಎಲ್ಲ ಷರತ್ತುಗಳೂ ಪೂರ್ಣಗೊಂಡಾಗ ಮಾತ್ರ ‘ಹೌದು’ ಎಂಬ ಉತ್ತರ. ಗಿರಣಿಯಲ್ಲಿ ಬೆಲ್ಟಿನ ರಕ್ಷಣಾ ಕವಚ ಮುಚ್ಚಿದ್ದು, ಓವರ್‌ಲೋಡ್ ರಿಲೇ ಸರಿಯಿದ್ದು, ಮೂರೂ ಫೇಸುಗಳು ಬಂದಿದ್ದರೆ ಮಾತ್ರ ಮೋಟಾರು ಚಾಲೂ ಆಗಬೇಕೆಂಬ ವ್ಯವಸ್ಥೆಯೂ ಇದೇ ತತ್ವದ್ದು. ಇದರಿಂದ ಮೋಟಾರೂ ಉಳಿಯುತ್ತದೆ, ಕಾರ್ಮಿಕನ ಕೈಯೂ ಉಳಿಯುತ್ತದೆ.

ಉದ್ದಿಮೆದಾರರು ಮಾಡಬೇಕಾದುದು

1961ರ ಅಪ್ರೆಂಟಿಸ್ ಕಾಯ್ದೆಯಡಿ 30 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿಯ ಘಟಕಗಳು ಶೇ. 2.5ರಿಂದ 15ರ ಮಿತಿಯಲ್ಲಿ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. 2019ರ ತಿದ್ದುಪಡಿಯ ಪ್ರಕಾರ 4 ಜನರಿರುವ ಘಟಕವೂ ಸ್ವಇಚ್ಛೆಯಿಂದ ತೆಗೆದುಕೊಳ್ಳಬಹುದು. ರಾಷ್ಟ್ರೀಯ ಅಪ್ರೆಂಟಿಸ್ ತರಬೇತಿ ಯೋಜನೆಯಡಿ ಡಿಪ್ಲೊಮಾ ಪಡೆದವರ ಕನಿಷ್ಠ ಶಿಷ್ಯವೇತನದ ಅರ್ಧಭಾಗವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ನೋಂದಣಿ ಹಾಗೂ ಒಪ್ಪಂದಪತ್ರಗಳು ಮಾತ್ರ ಕ್ರಮಬದ್ಧವಾಗಿರಬೇಕು.

ನಮ್ಮ ತಾಲೂಕುಗಳ ಮಕ್ಕಳು ಕಲಿತು ಪುಣೆ, ಬೆಂಗಳೂರುಗಳ ಬಸ್ಸು ಹತ್ತುತ್ತಿದ್ದಾರೆ. ಅವರು ಬಲ್ಲ ವಿದ್ಯೆ ನಮ್ಮ ಗಿರಣಿಯ ಸ್ವಿಚ್‌ಬೋರ್ಡಿಗೇ ಬೇಕಾಗಿದೆ ಎಂಬುದನ್ನು ನಾವು ಅವರಿಗೆ ತೋರಿಸಿಲ್ಲ. ಈ ತಿಂಗಳ ಬಿಲ್ಲು ಕೈಸೇರಿದಾಗ ಮೊತ್ತದ ಸಾಲಿಗಿಂತ ಮೊದಲು ಪವರ್ ಫ್ಯಾಕ್ಟರ್‌ನ ಸಾಲನ್ನು ಓದಿರಿ. ಅರ್ಥವಾಗದಿದ್ದರೆ ಊರಿನ ಡಿಪ್ಲೊಮಾ ವಿದ್ಯಾರ್ಥಿಯನ್ನು ಕರೆದು ಕೇಳಲು ಸಂಕೋಚ ಬೇಡ. ಕೇಳದೆ ಸಹಿ ಮಾಡಿದ ನನ್ನ ಕಕ್ಷಿದಾರರಿಗೆ ಆದ ನಷ್ಟ ನಿಮಗಾಗದಿರಲಿ.