‘ಸಟೈವಾ’ ಎಂಬ ವಿಶೇಷಣದ ಅರ್ಥವೂ ಬಿತ್ತನೆ ಬೀಜದ ವಿಚಾರವೂ

ವ್ಯವಸಾಯದ ಪುಸ್ತಕಗಳಲ್ಲಿಯೂ ಇಲಾಖೆಯ ಕರಪತ್ರಗಳಲ್ಲಿಯೂ ಭತ್ತಕ್ಕೆ ‘ಒರೈಜಾ ಸಟೈವಾ’ ಎಂಬ ಶಾಸ್ತ್ರೀಯ ನಾಮವನ್ನು ಕೊಟ್ಟಿರುವುದನ್ನು ವಾಚಕರು ನೋಡಿರಬಹುದು. ಇದು ಪಂಡಿತರಿಗೆ ಮಾತ್ರ ಬೇಕಾದ ಹೆಸರೆಂದು ಭಾವಿಸಿ ಬಿಟ್ಟುಬಿಡುವುದು ವಾಡಿಕೆ. ಆದರೆ ಈ ಹೆಸರಿನ ಎರಡನೆಯ ಪದದಲ್ಲಿ ಬೇಸಾಯಗಾರನಿಗೆ ಪ್ರಯೋಜನಕರವಾದ ಒಂದು ಪಾಠವು ಅಡಗಿರುವುದರಿಂದ ಅದನ್ನು ಇಲ್ಲಿ ವಿವರಿಸಲಾಗಿದೆ.

ಸಸ್ಯಗಳಿಗೆ ಎರಡು ಪದಗಳ ಹೆಸರಿಡುವ ಕ್ರಮವನ್ನು ಸ್ವೀಡನ್ ದೇಶದ ಲಿನೇಯಸ್ ಎಂಬ ವಿದ್ವಾಂಸನು 1753ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ನೆಲೆಗೊಳಿಸಿದನು. ಮೊದಲನೆಯ ಪದವು ಕುಲವನ್ನೂ, ಎರಡನೆಯದು ಆ ಕುಲದೊಳಗಣ ಜಾತಿಯನ್ನೂ ಸೂಚಿಸುವುದು. ‘ಸಟೈವಾ’ ಎಂಬುದು ಲ್ಯಾಟಿನ್ ಭಾಷೆಯ ವಿಶೇಷಣ. ‘ಬಿತ್ತು’ ಎಂಬರ್ಥದ ‘ಸೆರೆರೆ’ ಎಂಬ ಕ್ರಿಯಾಪದದಿಂದ ಇದು ಹುಟ್ಟಿದೆ. ಬೀಜಕ್ಕೆ ಆ ಭಾಷೆಯಲ್ಲಿರುವ ‘ಸೆಮೆನ್’ ಎಂಬ ಶಬ್ದವೂ ಅದೇ ಮೂಲದ್ದು. ನಮ್ಮ ಕನ್ನಡದಲ್ಲಿ ‘ಬಿತ್ತು’ ಎಂಬ ಒಂದೇ ಶಬ್ದವು ಕ್ರಿಯೆಯೂ ಬೀಜವೂ ಆಗಿರುವುದನ್ನು ಇದಕ್ಕೆ ಹೋಲಿಸಬಹುದು. ಆದಕಾರಣ ‘ಸಟೈವಾ’ ಎಂದರೆ ‘ಬಿತ್ತಿ ಬೆಳೆದದ್ದು’ ಎಂದರ್ಥ. ಸಂಸ್ಕೃತದಲ್ಲಿ ಉತ್ತ ನೆಲದಲ್ಲಿ ಮಾಗುವ ಧಾನ್ಯವನ್ನು ‘ಕೃಷ್ಟಪಚ್ಯ’ವೆಂದೂ, ಉಳದೆ ತಾನಾಗಿ ಬೆಳೆಯುವುದನ್ನು ‘ಅಕೃಷ್ಟಪಚ್ಯ’ವೆಂದೂ ಕರೆಯುವುದುಂಟು. ಋಷಿಗಳ ಆಹಾರವೆಂದು ಪ್ರಸಿದ್ಧವಾದ ನೀವಾರವು ಎರಡನೆಯ ಬಗೆಯದು.

ಈ ವಿಶೇಷಣವು ವಿಶೇಷ್ಯದ ಲಿಂಗವನ್ನನುಸರಿಸಿ ರೂಪವನ್ನು ಬದಲಾಯಿಸುತ್ತದೆ. ಸಂಸ್ಕೃತದ ಶ್ವೇತಃ, ಶ್ವೇತಾ, ಶ್ವೇತಮ್ ಎಂಬಂತೆ ಲ್ಯಾಟಿನ್ನಿನಲ್ಲಿ ಸಟೈವಸ್, ಸಟೈವಾ, ಸಟೈವಮ್ ಎಂದಾಗುವುದು. ಸೌತೆಕಾಯಿಯು ‘ಕ್ಯುಕ್ಯುಮಿಸ್ ಸಟೈವಸ್’. ಮೂಲಂಗಿಯು ‘ರಫಾನಸ್ ಸಟೈವಸ್’. ಕೊತ್ತಂಬರಿಯು ‘ಕೊರಿಯಾಂಡ್ರಮ್ ಸಟೈವಮ್’. ಬೆಳ್ಳುಳ್ಳಿಯು ‘ಅಲ್ಲಿಯಮ್ ಸಟೈವಮ್’. ಬೆಳ್ಳುಳ್ಳಿಯನ್ನು ಬೀಜದಿಂದ ಬೆಳೆಯದೆ ಎಸಳನ್ನು ನೆಟ್ಟು ಬೆಳೆಯುತ್ತಾರಾದುದರಿಂದ, ಇಲ್ಲಿ ‘ಸಾಗುವಳಿಗೆ ಒಳಪಟ್ಟದ್ದು’ ಎಂದು ಅರ್ಥವನ್ನು ವಿಸ್ತರಿಸಿ ತಿಳಿಯತಕ್ಕದ್ದು. ಎರಡನೆಯ ಪದವೊಂದರಿಂದಲೇ ಬೆಳೆಯನ್ನು ಗುರುತಿಸಲಾಗದೆಂಬುದೂ ಇದರಿಂದ ಸ್ಪಷ್ಟವಾಗುವುದು. ಈ ಪದವಿಲ್ಲದ ಮಾತ್ರಕ್ಕೆ ಬೆಳೆಯು ಕಾಡಿನದೆಂದು ಹೇಳುವಂತೆಯೂ ಇಲ್ಲ. ರಾಗಿಯ ಹೆಸರಾದ ‘ಎಲ್ಯೂಸಿನ್ ಕೊರಕಾನಾ’ದಲ್ಲಿ ಅದು ಇಲ್ಲವಷ್ಟೆ.

ಈ ವಿಶೇಷಣಕ್ಕೆ ಎದುರಾಗಿ ನಿಲ್ಲುವ ಮತ್ತೊಂದು ವಿಶೇಷಣವು ‘ಸ್ಪಾಂಟೇನಿಯಾ’. ಅಂದರೆ ‘ತಾನಾಗಿ ಹುಟ್ಟಿದ್ದು’. ಗದ್ದೆಯಲ್ಲಿ ಕಳೆಯಾಗಿ ಕಾಣಿಸಿಕೊಳ್ಳುವ ಕಾಡುಭತ್ತವನ್ನು ಶಾಸ್ತ್ರಜ್ಞರು ‘ಒರೈಜಾ ಸಟೈವಾ’ದ ‘ಸ್ಪಾಂಟೇನಿಯಾ’ ರೂಪವೆಂದು ಕರೆಯುವುದುಂಟು. ಸಾಗುವಳಿಯ ಭತ್ತವು ಮಾಗಿದ ಮೇಲೆಯೂ ಕಾಳನ್ನು ತೆನೆಯಲ್ಲಿ ಹಿಡಿದುಕೊಂಡು ಕುಡುಗೋಲಿಗಾಗಿ ಕಾದಿರುವುದು. ಕಾಡುಭತ್ತವು ಕೊಯಿಲಿಗೆ ಮುಂಚೆಯೇ ಕಾಳನ್ನು ಉದುರಿಸಿ ತನ್ನನ್ನು ತಾನೇ ಬಿತ್ತಿಕೊಳ್ಳುವುದು. ಉದುರಿದ ಕಾಳು ಮಣ್ಣಿನಲ್ಲಿ ಮೊಳೆಯದೆ ಮಲಗಿದ್ದು ಮುಂದಿನ ಹಂಗಾಮುಗಳಲ್ಲಿ ಏಳಬಲ್ಲದು. ಎಳೆಯ ಪೈರಿನಲ್ಲಿ ಇವೆರಡನ್ನೂ ಬೇರ್ಪಡಿಸುವುದು ಬಲು ಕಷ್ಟ. ಒಂದು ವರ್ಷದ ಅಲಕ್ಷ್ಯವು ಹಲವು ವರ್ಷಗಳ ನಷ್ಟಕ್ಕೆ ಕಾರಣವಾಗುವುದು ಹೀಗೆ.

ಆದರೂ ತಾನಾಗಿ ಹುಟ್ಟಿದ್ದೆಲ್ಲವೂ ನಿರುಪಯೋಗಿಯಲ್ಲ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿರುವ ಮಲವಗೊಪ್ಪದಲ್ಲಿ ಹಿಂದೆ ಸಕ್ಕರೆ ಕಾರ್ಖಾನೆಯೊಂದು ನಡೆಯುತ್ತಿತ್ತಾದುದರಿಂದ, ಅಲ್ಲಿಯವರಿಗೆ ಕಬ್ಬಿನ ಉದಾಹರಣೆಯು ಸುಲಭವಾಗಿ ಮನಸ್ಸಿಗೆ ಹತ್ತುವುದು. ರಸವತ್ತಾದ ದಪ್ಪ ಕಬ್ಬಿನ ಹೆಸರು ‘ಸ್ಯಾಕರಮ್ ಆಫಿಸಿನಾರಮ್’. ಹುಲ್ಲಿನಂತೆ ಬೆಳೆಯುವ ಕಾಡುಕಬ್ಬಿನ ಹೆಸರು ‘ಸ್ಯಾಕರಮ್ ಸ್ಪಾಂಟೇನಿಯಮ್’. 1912ರಲ್ಲಿ ಕೊಯಮತ್ತೂರಿನಲ್ಲಿ ಸ್ಥಾಪಿತವಾದ ಕಬ್ಬಿನ ತಳಿ ಕೇಂದ್ರದಲ್ಲಿ ಬಾರ್ಬರ್ ಮತ್ತು ವೆಂಕಟರಾಮನ್ ಎಂಬವರು ಇವೆರಡನ್ನೂ ಸಂಕರಿಸಿ ‘ಕೊ 205’ ಎಂಬ ಗಟ್ಟಿಯಾದ ತಳಿಯನ್ನು ಪಡೆದರು. ಅದು 1918ರಲ್ಲಿ ಬೇಸಾಯಕ್ಕೆ ಬಂದಿತು. ಹಾಗೆಯೇ ‘ಒರೈಜಾ ನಿವಾರಾ’ ಎಂದು ನಮ್ಮ ನೀವಾರದ ಹೆಸರನ್ನೇ ಹೊತ್ತ ಕಾಡುಭತ್ತದಿಂದ, ಹುಲ್ಲುಗುಚ್ಛದಂತೆ ಪೈರನ್ನು ಕುಗ್ಗಿಸುವ ನಂಜುರೋಗವನ್ನು ತಡೆಯುವ ಶಕ್ತಿಯನ್ನು ಪಡೆದು 1976ರಲ್ಲಿ ಬಿಡುಗಡೆಯಾದ ‘ಐಆರ್ 36’ ಮೊದಲಾದ ಭತ್ತದ ತಳಿಗಳಿಗೆ ಸೇರಿಸಲಾಯಿತು. ಕಾಡಿನ ಜಾತಿಯು ತಳಿ ತಯಾರಿಸುವವರ ಕೈಯಲ್ಲಿ ನಿಧಿ. ರೈತನ ಬೀಜದ ಮೂಟೆಯಲ್ಲಿ ಶತ್ರು.

ಇಷ್ಟರಿಂದ ತಿಳಿಯಬೇಕಾದುದೇನೆಂದರೆ, ‘ಸಟೈವಾ’ ಎಂಬುದು ಜಾತಿಯ ಹೆಸರೇ ಹೊರತು ಬೀಜದ ಗುಣಕ್ಕೆ ಕೊಟ್ಟ ಭರವಸೆಯಲ್ಲ. ಬಿತ್ತಿದ ಬೆಳೆಯನ್ನು ಬಿತ್ತಿದ ಬೆಳೆಯಾಗಿಯೇ ಉಳಿಸಿಕೊಳ್ಳುವುದು ಬೇಸಾಯಗಾರನ ಕೆಲಸ. ಗ್ರಾಮದ ಮುಖಂಡರೂ ಜಮೀನುದಾರರೂ ಕೆಳಕಂಡ ವಿಷಯಗಳನ್ನು ರೈತರಿಗೆ ತಿಳಿಯಹೇಳತಕ್ಕದ್ದು:

1. ಬೀಜವನ್ನು ಕೊಳ್ಳುವಾಗ ಬೆಳೆಯ ಹೆಸರಿನೊಡನೆ ತಳಿಯ ಹೆಸರನ್ನೂ ಚೀಟಿಯಲ್ಲಿ ಓದಿಕೊಳ್ಳಬೇಕು. ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿಯೂ, ಮಾರುವವನೇ ಗುಣವನ್ನು ನಮೂದಿಸಿದ ಬೀಜಕ್ಕೆ ಹಸಿರು ಚೀಟಿಯೂ ಇರುವುದು. ಚೀಟಿಯನ್ನೂ ರಸೀತಿಯನ್ನೂ ಕೊಯಿಲು ಮುಗಿಯುವವರೆಗೆ ಜೋಪಾನಮಾಡಬೇಕು.

2. ಮನೆಯ ಬೀಜವನ್ನೇ ಬಿತ್ತುವವರು ಕೆಲವು ಹಿಡಿ ಭತ್ತವನ್ನು ಸುಲಿದು ನೋಡಬೇಕು. ಬಿಳಿಯ ಅಕ್ಕಿಯ ತಳಿಯಲ್ಲಿ ಕೆಂಪು ಅಕ್ಕಿಯು ಕಂಡುಬಂದರೆ ಆ ರಾಶಿಯನ್ನು ಬಿತ್ತನೆಗೆ ಉಪಯೋಗಿಸಕೂಡದು.

3. ಕಾಡುಭತ್ತವಿರುವ ಗದ್ದೆಗೆ ಮೊದಲು ನೀರು ಹಾಯಿಸಿ, ಬಿದ್ದ ಕಾಳು ಮೊಳೆತ ಮೇಲೆ ಉತ್ತು ಕೆಸರುಮಾಡಿ, ನೇರಸಾಲಿನಲ್ಲಿ ನಾಟಿ ಮಾಡುವುದು ಉತ್ತಮ. ಸಾಲಿನ ಹೊರಗೆ ಹುಟ್ಟಿದ್ದು ಯಾರೂ ನೆಡದ ಪೈರೆಂದು ಆಗ ಸುಲಭವಾಗಿ ತಿಳಿಯುವುದು.

4. ಮೀಸೆಯುಳ್ಳ, ಸುಲಭವಾಗಿ ಉದುರುವ ಬೆರಕೆ ತೆನೆಗಳನ್ನು ಕಾಳು ಬಲಿಯುವ ಮುಂಚೆ ಬುಡಸಹಿತ ಕಿತ್ತು ಗದ್ದೆಯಿಂದ ಹೊರಗೆ ಸಾಗಿಸಬೇಕು. ಒಬ್ಬನ ಗದ್ದೆಯ ಕಾಳು ನೀರಿನೊಡನೆಯೂ ಕೊಯಿಲಿನ ಯಂತ್ರದೊಡನೆಯೂ ನೆರೆಯವನ ಗದ್ದೆಗೆ ಹೋಗುವುದರಿಂದ ಇದನ್ನು ಊರೊಟ್ಟಿನಲ್ಲಿ ನಡೆಸುವುದು ಶ್ರೇಯಸ್ಕರ.