ನೋಟಿನ ಮೇಲೆ ಯಾರ ಮುಖ?

ಹಳೇ ನೋಟು ಸಂಗ್ರಹಿಸೋದು ಅಂದ್ರೆ ಬರೀ ಆಲ್ಬಮ್ ತುಂಬಿಸೋದಲ್ಲ. ಘಾನಾ ದೇಶದ ನೋಟುಗಳನ್ನ ವರ್ಷದ ಕ್ರಮದಲ್ಲಿ ಜೋಡಿಸಿ ನೋಡೋಣ.

1957ರ ಮಾರ್ಚ್ 6ರಂದು ಘಾನಾ ಸ್ವತಂತ್ರವಾದಾಗ ಅಲ್ಲಿ ಓಡ್ತಿದ್ದದ್ದು ಬ್ರಿಟಿಷರ ಕಾಲದ ಪಶ್ಚಿಮ ಆಫ್ರಿಕಾ ಪೌಂಡ್. 1958ರಲ್ಲಿ ಬ್ಯಾಂಕ್ ಆಫ್ ಘಾನಾ ತನ್ನದೇ ಪೌಂಡ್ ತಂತು. 1965ರಲ್ಲಿ ಅದೂ ಹೋಗಿ ಸೆಡಿ ಬಂತು. ನೋಟಿನ ಮೇಲೆ ಅಧ್ಯಕ್ಷ ಕ್ವಾಮೆ ಎನ್‌ಕ್ರುಮಾ ಅವರ ಚಿತ್ರ. ಸೆಡಿ ಅನ್ನೋ ಹೆಸರು ಅಕಾನ್ ಭಾಷೆಯ ‘ಕವಡೆ’ ಪದದಿಂದ ಬಂದದ್ದು. ನಾವು ‘ಕವಡೆ ಕಾಸಿನ ಬೆಲೆ ಇಲ್ಲ’ ಅಂತೀವಿ, ಅವರ ದುಡ್ಡಿನ ಹೆಸರೇ ಕವಡೆ!

ಈಗ ಲೆಕ್ಕ. 1 ಸೆಡಿ = 8 ಶಿಲಿಂಗ್ 4 ಪೆನ್ಸ್. ಶಿಲಿಂಗಿಗೆ 12 ಪೆನ್ಸ್, ಅಂದ್ರೆ 96 + 4 = 100. ಒಂದು ಪೆನ್ನಿಗೆ ಒಂದು ಪೆಸೆವಾ. ದಶಮಾಂಶ ಪದ್ಧತಿ ಬಂದೇಬಿಡ್ತು.

1966ರ ಫೆಬ್ರವರಿ 24ರಂದು ಸೇನೆ ಎನ್‌ಕ್ರುಮಾ ಅವರನ್ನ ಅಧಿಕಾರದಿಂದ ಇಳಿಸಿತು. 1967ರಲ್ಲಿ ‘ಹೊಸ ಸೆಡಿ’ ಬಂತು. 1 ಹೊಸದಕ್ಕೆ 1.2 ಹಳೇದು. ಆದರೆ ಆ ಮುಖ ಮಾತ್ರ ಮಾಯ.

ಹಾಗಾಗಿ ಯಾವ ಹೊಸ ದೇಶದ ನೋಟು ಸಿಕ್ಕರೂ ಮೂರು ಪ್ರಶ್ನೆ ಕೇಳೋಣ: ಹೊರಡಿಸಿದ್ದು ಯಾರು? ಯಾವ ವರ್ಷ? ಮುಂದಿನ ನೋಟಲ್ಲಿ ಆ ಮುಖ ಉಳೀತಾ?