ಮಾಯಿಶ್ಚರೈಸರ್ ಘಟಕಪಟ್ಟಿ: ದರ ಒಪ್ಪುವ ಮುನ್ನ ಓದುವ ಬಗೆ

ಚರ್ಮದ ಆರೈಕೆಯ ಕ್ರೀಮು, ಲೋಷನ್‌ಗಳನ್ನು ಸಗಟು ಖರೀದಿಸುವ ವರ್ತಕರಿಗೂ, ಪರವಾನಗಿ ಪಡೆದ ಕಾರ್ಖಾನೆಯಲ್ಲಿ ತಯಾರಿಸಿಕೊಂಡು ಸ್ವಂತ ಹೆಸರಿನಲ್ಲಿ ಮಾರುವ ಸಣ್ಣ ಉದ್ದಿಮೆದಾರರಿಗೂ ಎದುರಾಗುವ ಪ್ರಶ್ನೆ ಒಂದೇ. ಒಂದೇ ತೂಕದ ಎರಡು ಮಾಯಿಶ್ಚರೈಸರ್‌ಗಳ ದರದಲ್ಲಿ ಇಷ್ಟೊಂದು ಅಂತರವೇಕೆ? ಉತ್ತರದ ಬಹುಭಾಗ ಬಾಟಲಿಯ ಮುಂಭಾಗದಲ್ಲಿರುವುದಿಲ್ಲ, ಹಿಂಭಾಗದ ಸಣ್ಣ ಅಕ್ಷರಗಳಲ್ಲಿರುತ್ತದೆ.

ಮೂರು ಬಗೆಯ ಪದಾರ್ಥಗಳು

ಮಾಯಿಶ್ಚರೈಸರ್‌ನಲ್ಲಿ ಮುಖ್ಯವಾಗಿ ಕೆಲಸ ಮಾಡುವ ಪದಾರ್ಥಗಳು ಮೂರು ಬಗೆ. ಗ್ಲಿಸರಿನ್, ಸಾರ್ಬಿಟಾಲ್, ಯೂರಿಯಾ, ಸೋಡಿಯಂ ಹಯಲುರೊನೇಟ್ ಮೊದಲಾದವು ನೀರನ್ನು ಸೆಳೆದು ಹಿಡಿದಿಡುತ್ತವೆ. ಐಸೊಪ್ರೊಪೈಲ್ ಮಿರಿಸ್ಟೇಟ್, ಸಿಟೈಲ್ ಆಲ್ಕೊಹಾಲ್ ಮತ್ತು ಸಸ್ಯಜನ್ಯ ತೈಲಗಳು ಒರಟಾದ ಚರ್ಮವನ್ನು ನುಣುಪುಗೊಳಿಸುತ್ತವೆ. ಪೆಟ್ರೋಲಿಯಂ ಜೆಲ್ಲಿ, ಲಿಕ್ವಿಡ್ ಪ್ಯಾರಫಿನ್, ಡೈಮೆಥಿಕೋನ್, ಜೇನುಮೇಣ ಇವು ಚರ್ಮದ ಮೇಲೆ ಪದರವಾಗಿ ನಿಂತು ಒಳಗಿನ ನೀರು ಆವಿಯಾಗದಂತೆ ತಡೆಯುತ್ತವೆ. ಈ ತಡೆಯುವ ಕೆಲಸದಲ್ಲಿ ಪೆಟ್ರೋಲಿಯಂ ಜೆಲ್ಲಿಯನ್ನು ಮೀರಿಸುವ ಪದಾರ್ಥ ವಿರಳ. 1872ರಲ್ಲಿ ಪೇಟೆಂಟ್ ಪಡೆದ ವಸ್ತು ಇಂದಿಗೂ ಅಗ್ಗ, ಇಂದಿಗೂ ಪರಿಣಾಮಕಾರಿ. ಉತ್ತರ ಕನ್ನಡದ ಮನೆಗಳಲ್ಲಿ ಒಡೆದ ಹಿಮ್ಮಡಿಗೆ ಹಚ್ಚುವ ಮುರುಗಲು ತುಪ್ಪವೂ ನುಣುಪುಗೊಳಿಸುವ, ತಡೆಯುವ ಎರಡೂ ಕೆಲಸ ಮಾಡುತ್ತದೆ. ಕೋಕಂ ಬಟರ್ ಎಂಬ ಹೆಸರಿನಲ್ಲಿ ಅದೀಗ ಕ್ರೀಮುಗಳ ಘಟಕಪಟ್ಟಿ ಸೇರಿದೆ.

ಈ ಮೂರರ ಹೊರತಾಗಿ ಉಳಿಯುವುದು ನೀರು, ನೀರನ್ನೂ ಎಣ್ಣೆಯನ್ನೂ ಬೆರೆಸುವ ಎಮಲ್ಸಿಫೈಯರ್, ಸಂರಕ್ಷಕ ಹಾಗೂ ಸುಗಂಧ. ಲೋಷನ್‌ನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಾಮಾನ್ಯವಾಗಿ ನೀರೇ.

ಶೇ. 1ರ ಗೆರೆ

ಸೌಂದರ್ಯವರ್ಧಕಗಳ ನಿಯಮಗಳು, 2020ರ ಪ್ರಕಾರ ಶೇ. 1ಕ್ಕಿಂತ ಹೆಚ್ಚಿರುವ ಘಟಕಗಳನ್ನು ಪ್ರಮಾಣದ ಇಳಿಕೆ ಕ್ರಮದಲ್ಲಿ ನಮೂದಿಸತಕ್ಕದ್ದು. ಶೇ. 1 ಅಥವಾ ಅದಕ್ಕಿಂತ ಕಡಿಮೆ ಇರುವವುಗಳನ್ನು ಅವುಗಳ ನಂತರ ಯಾವ ಕ್ರಮದಲ್ಲಿ ಬೇಕಾದರೂ ಬರೆಯಬಹುದು. ಈ ಎರಡು ಗುಂಪುಗಳ ನಡುವಿನ ಗೆರೆಯನ್ನು ಪಟ್ಟಿಯಲ್ಲಿ ಯಾರೂ ಎಳೆದಿರುವುದಿಲ್ಲ, ಓದುವವರೇ ಪತ್ತೆಹಚ್ಚಬೇಕು.

ಅದಕ್ಕೆ ನೆರವಾಗುವುದು ಫೀನಾಕ್ಸಿಎಥನಾಲ್ ಎಂಬ ಸಂರಕ್ಷಕ. ಇದರ ಬಳಕೆಗೆ ಶೇ. 1ರ ಗರಿಷ್ಠ ಮಿತಿಯಿದೆ. ಆದ್ದರಿಂದ ಪಟ್ಟಿಯಲ್ಲಿ ಇದರ ನಂತರ ಬರುವ ಪ್ರತಿಯೊಂದು ಘಟಕವೂ ಶೇ. 1 ಅಥವಾ ಅದಕ್ಕಿಂತ ಕಡಿಮೆ ಎಂದು ನಿಶ್ಚಯಿಸಬಹುದು. ಇದಕ್ಕೂ ಮೊದಲು ಬಂದವೆಲ್ಲ ಶೇ. 1ಕ್ಕಿಂತ ಹೆಚ್ಚೆಂದು ಮಾತ್ರ ಹೇಳುವಂತಿಲ್ಲ. ಅಲ್ಪ ಪ್ರಮಾಣದ ಆಕರ್ಷಕ ಹೆಸರೊಂದನ್ನು ಸಂರಕ್ಷಕಕ್ಕಿಂತ ಮೇಲೆ ಬರೆದರೂ ಅದು ನಿಯಮದ ಉಲ್ಲಂಘನೆಯಲ್ಲ.

ಲೆಕ್ಕ ಹಾಕಿ ನೋಡಿದಾಗ

ಒಬ್ಬ ಉದ್ದಿಮೆದಾರರಿಗೆ 200 ಗ್ರಾಂ ಬಾಟಲಿಗೆ ಎರಡು ದರಪಟ್ಟಿಗಳು ಬಂದಿವೆ ಎಂದಿಟ್ಟುಕೊಳ್ಳಬಹುದು. ಮೊದಲನೆಯದರ ದರ 62 ರೂಪಾಯಿ. ಪಟ್ಟಿಯಲ್ಲಿ ನೀರಿನ ನಂತರ ಗ್ಲಿಸರಿನ್, ಲಿಕ್ವಿಡ್ ಪ್ಯಾರಫಿನ್, ಸ್ಟಿಯರಿಕ್ ಆಸಿಡ್, ಸಿಟೈಲ್ ಆಲ್ಕೊಹಾಲ್, ಡೈಮೆಥಿಕೋನ್, ಆಮೇಲೆ ಫೀನಾಕ್ಸಿಎಥನಾಲ್ ಮತ್ತು ಸುಗಂಧ. ಎರಡನೆಯದು 88 ರೂಪಾಯಿ. ಅಲ್ಲಿ ನೀರು, ಗ್ಲಿಸರಿಲ್ ಮೋನೊಸ್ಟಿಯರೇಟ್, ಐಸೊಪ್ರೊಪೈಲ್ ಮಿರಿಸ್ಟೇಟ್, ಫೀನಾಕ್ಸಿಎಥನಾಲ್, ಅದರ ಬಳಿಕ ಗ್ಲಿಸರಿನ್, ಸೋಡಿಯಂ ಹಯಲುರೊನೇಟ್, ಸೆರಮೈಡ್, ಲೋಳೆಸರದ ಸಾರ. ಬಾಟಲಿಯ ಮುಂಭಾಗದಲ್ಲಿ ದೊಡ್ಡದಾಗಿ ‘ಹಯಲುರೊನಿಕ್ ಮತ್ತು ಸೆರಮೈಡ್’.

ವ್ಯತ್ಯಾಸ 26 ರೂಪಾಯಿ. 5,000 ಬಾಟಲಿಗಳ ಬೇಡಿಕೆಯಾದರೆ 1,30,000 ರೂಪಾಯಿ. ಸಣ್ಣ ಘಟಕವೊಂದರ ದುಡಿಯುವ ಬಂಡವಾಳದಲ್ಲಿ ಇದು ಹಗುರವಾದ ಮೊತ್ತವಲ್ಲ.

ಲೆಕ್ಕದ ಅನುಕೂಲಕ್ಕೆ ಹಯಲುರೊನೇಟ್ ಪುಡಿಯ ಬೆಲೆ ಕಿಲೋಗೆ 20,000 ರೂಪಾಯಿ ಎಂದು ಹಿಡಿದರೆ ಗ್ರಾಂಗೆ 20 ರೂಪಾಯಿ. ಶೇ. 1ರಷ್ಟು ಹಾಕಿದ್ದರೆ ಬಾಟಲಿಗೆ 2 ಗ್ರಾಂ, ಅಂದರೆ 40 ರೂಪಾಯಿ. ಆಗ 26 ರೂಪಾಯಿಯ ಹೆಚ್ಚಳ ಅಗ್ಗವೇ ಸರಿ. ಶೇ. 0.05 ಮಾತ್ರ ಹಾಕಿದ್ದರೆ 0.1 ಗ್ರಾಂ, ವೆಚ್ಚ 2 ರೂಪಾಯಿ. ಎರಡು ಸಂದರ್ಭಗಳಲ್ಲೂ ಲೇಬಲ್ ಅಕ್ಷರಶಃ ಒಂದೇ ಆಗಿರಬಹುದು. ಸೆರಮೈಡ್‌ನ ಬೆಲೆ ಗ್ರಾಂಗೆ 100 ರೂಪಾಯಿ ಎಂದುಕೊಂಡರೂ ಶೇ. 0.01ರ ಪ್ರಮಾಣಕ್ಕೆ ತಗಲುವುದು ಮತ್ತೆ 2 ರೂಪಾಯಿ. ಅಲ್ಲಿಗೆ ಮುಂಭಾಗದ ಎರಡು ಹೆಸರುಗಳ ವೆಚ್ಚ ಒಟ್ಟು 4 ರೂಪಾಯಿ. ಉಳಿದ 22 ರೂಪಾಯಿ ಬಾಟಲಿ, ಪೆಟ್ಟಿಗೆ, ಸುಗಂಧ ಅಥವಾ ಲಾಭಕ್ಕೆ ಹೋಗಿರಬಹುದು. ಅದು ತಪ್ಪಲ್ಲ, ಆದರೆ ಯಾವುದಕ್ಕೆ ಹಣ ಕೊಡಲಾಗುತ್ತಿದೆ ಎಂಬುದು ಖರೀದಿದಾರರಿಗೆ ತಿಳಿದಿರಬೇಕು.

ಇನ್ನೊಂದೆಡೆ ಮೊದಲ ಬಾಟಲಿಯಲ್ಲಿ ಶೇ. 5ರಷ್ಟು ಗ್ಲಿಸರಿನ್ ಇದ್ದರೆ ಅದು 10 ಗ್ರಾಂ. ಕಿಲೋಗೆ 120 ರೂಪಾಯಿಯಂತೆ 1 ರೂಪಾಯಿ 20 ಪೈಸೆ. ಡಿಸೆಂಬರ್‌ನ ಒಣಹವೆಯಲ್ಲಿ ಕಲಬುರಗಿಯ ಗ್ರಾಹಕರ ಕೈಕಾಲು ಒಡೆಯದಂತೆ ಕಾಯುವುದು ಬಹುಶಃ ಈ ಅಗ್ಗದ ಗ್ಲಿಸರಿನ್ ಮತ್ತು ಪ್ಯಾರಫಿನ್ ಜೋಡಿಯೇ. ಎರಡನೆಯ ಬಾಟಲಿಯಲ್ಲಿ ಗ್ಲಿಸರಿನ್ ಶೇ. 1ನ್ನೂ ದಾಟಿಲ್ಲ, ಆವಿ ತಡೆಯುವ ಪದಾರ್ಥ ಪಟ್ಟಿಯಲ್ಲೇ ಇಲ್ಲ. ಹಚ್ಚಿಕೊಂಡಾಗ ಹಗುರವೆನಿಸುವ ಇಂಥ ಲೋಷನ್ ಮಂಗಳೂರಿನ ತೇವದ ಹವೆಗೆ ಒಗ್ಗೀತು.

ಶೇಕಡಾವಾರು ಮಾತಿನಲ್ಲಿಯೂ ಒಂದು ತೊಡಕಿದೆ. ಹಲವು ಪದಾರ್ಥಗಳು ಕಾರ್ಖಾನೆಗೆ ದ್ರಾವಣದ ರೂಪದಲ್ಲಿ ಬರುತ್ತವೆ. ‘ಶೇ. 5 ಹಯಲುರೊನಿಕ್ ಹಾಕಿದ್ದೇವೆ’ ಎಂದು ಪೂರೈಕೆದಾರರು ಹೇಳಿದಾಗ ಅದು ಶೇ. 1ರ ದ್ರಾವಣದ ಶೇ. 5 ಆಗಿರಬಹುದು, ಆಗ ನಿಜವಾದ ಪದಾರ್ಥ ಮೇಲೆ ಹೇಳಿದ ಶೇ. 0.05 ಮಾತ್ರ. ಹೇಳಿದವರು ಸುಳ್ಳಾಡಿಲ್ಲ, ಕೇಳಿದವರು ಪೂರ್ತಿ ಕೇಳಿಲ್ಲ. ಪ್ರಮುಖ ಘಟಕಗಳ ಶುದ್ಧ ಪ್ರಮಾಣವನ್ನು ಶೇಕಡಾವಾರು ಲಿಖಿತವಾಗಿ ಪಡೆದು ಖರೀದಿ ಆದೇಶದ ಭಾಗವಾಗಿಸುವುದು, ಪ್ರತಿ ಬ್ಯಾಚಿನ ವಿಶ್ಲೇಷಣಾ ವರದಿ ಕೇಳುವುದು ಇದಕ್ಕಿರುವ ಪರಿಹಾರ. ಪೂರ್ಣ ಸೂತ್ರವನ್ನು ತಯಾರಕರು ಕೊಡಲೊಪ್ಪದಿರುವುದು ಸಹಜ. ಲೇಬಲ್‌ನ ಮುಂಭಾಗದಲ್ಲಿ ಹೆಸರಿಸಿದ ಘಟಕಗಳ ಪ್ರಮಾಣವನ್ನೂ ಕೊಡಲೊಪ್ಪದಿದ್ದರೆ ದರದ ಮಾತುಕತೆಯನ್ನು ಅಲ್ಲಿಯೇ ನಿಲ್ಲಿಸುವುದು ಲೇಸು.

ಇತರ ಎಚ್ಚರಿಕೆಗಳು

‘ಸಂರಕ್ಷಕರಹಿತ’ ಎಂಬ ಘೋಷಣೆಯನ್ನು ನೋಡಿ ಹಿಗ್ಗಬೇಕಾಗಿಲ್ಲ. ನೀರಿರುವ ಕ್ರೀಮಿನಲ್ಲಿ ಸೂಕ್ಷ್ಮಾಣುಜೀವಿಗಳನ್ನು ತಡೆಯುವ ವ್ಯವಸ್ಥೆ ಯಾವುದಾದರೊಂದು ಇರಲೇಬೇಕು. ಇಲ್ಲವಾದಲ್ಲಿ ಬೂಷ್ಟು ಹಿಡಿದ ಸರಕು ಹಿಂದಿರುಗಿ ಬರುವುದು ಅಂಗಡಿಗೇ. ನೀರೇ ಇಲ್ಲದ ಮುಲಾಮಿನ ವಿಚಾರ ಬೇರೆ.

ಚರ್ಮರೋಗ ಗುಣಪಡಿಸುತ್ತದೆ ಎಂಬ ಬರಹವನ್ನು ಸೌಂದರ್ಯವರ್ಧಕದ ಲೇಬಲ್ ಮೇಲೆ ಹಾಕಿಸಿದರೆ, 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆಯಡಿ ಆ ಸರಕು ಔಷಧದ ವ್ಯಾಖ್ಯೆಗೆ ಜಾರುವ ಸಂಭವವಿದೆ. ಆಗ ಸೌಂದರ್ಯವರ್ಧಕದ ಪರವಾನಗಿ ಸಾಲದು. ತೆರಿಗೆಯ ವರ್ಗೀಕರಣದ ಪ್ರಶ್ನೆಯೂ ಏಳುತ್ತದೆ.

ಪರೀಕ್ಷಾರ್ಥವಾಗಿ ತರಿಸುವ ಸಣ್ಣ ಪೊಟ್ಟಣಗಳ ಬಗ್ಗೆಯೂ ಗಮನವಿರಲಿ. 60 ಮಿಲಿಲೀಟರಿಗಿಂತ ಕಡಿಮೆಯ ದ್ರವಕ್ಕೂ 30 ಗ್ರಾಂಗಿಂತ ಕಡಿಮೆಯ ಕ್ರೀಮಿಗೂ ಘಟಕಪಟ್ಟಿ ಮುದ್ರಿಸುವುದರಿಂದ ವಿನಾಯಿತಿ ಇರುವುದರಿಂದ, ಮಾದರಿಯ ಜೊತೆಯಲ್ಲಿಯೇ ದೊಡ್ಡ ಬಾಟಲಿಯ ಲೇಬಲ್ ಪ್ರತಿಯನ್ನು ತರಿಸಿಕೊಳ್ಳಬೇಕು.